ತಳಿ ಹೊಸದು, ಲಸಿಕೆ ಹಳೆಯದು: ಸೂಜಿಯಿಂದ ಇನ್ನೂ ಉಪಯೋಗ ಇದೆಯಾ?

2025ರ ಮೇ ತಿಂಗಳಲ್ಲಿ ಎನ್‌ಬಿ.1.8.1, ಎಲ್‌ಎಫ್.7 ಎಂಬ ಹೆಸರುಗಳು ಟಿವಿಯಲ್ಲಿ ಕೇಳಿಬಂದವು. ಕೊರೊನಾದ ಹೊಸ ತಳಿಗಳು. ಜೂನ್ ಮಧ್ಯದ ಹೊತ್ತಿಗೆ ದೇಶದಲ್ಲಿ ಸಕ್ರಿಯ ಪ್ರಕರಣಗಳು 7 ಸಾವಿರ ದಾಟಿದವು. ವಯಸ್ಸಾದವರು ಹುಷಾರಾಗಿರಿ, ಗುಂಪು ಇರುವ ಕಡೆ ಮಾಸ್ಕ್ ಹಾಕಿ ಎಂಬ ಸಲಹೆ ಬಂತು. ಸರಿ, ಹಾಗಾದರೆ ಇನ್ನೊಂದು ಡೋಸ್ ಹಾಕಿಸಿಕೊಳ್ಳಬೇಕಾ ಎಂದು ಜನ ಯೋಚನೆ ಮಾಡುವಷ್ಟರಲ್ಲಿ ಜುಲೈ 1ರಂದು ಬೇರೆಯದೇ ಸುದ್ದಿ ಬಂತು. ಹಾಸನದಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವು, ಇದಕ್ಕೆ ಕೋವಿಡ್ ಲಸಿಕೆಯೂ ಒಂದು ಕಾರಣ ಇರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಬರೆದರು. ಮರುದಿನ ಕೇಂದ್ರ ಆರೋಗ್ಯ ಸಚಿವಾಲಯ ಸಂಬಂಧವೇ ಇಲ್ಲ ಎಂದಿತು.

ಅಥಣಿಯಲ್ಲೋ ಜಮಖಂಡಿಯಲ್ಲೋ ಇಂಡಿಯಲ್ಲೋ ಶುಗರ್ ಇರುವ ಅಜ್ಜನನ್ನು, ದಮ್ಮು ಇರುವ ಅಜ್ಜಿಯನ್ನು ನೋಡಿಕೊಳ್ಳುವ ಮನೆಯವರು ಇದನ್ನೆಲ್ಲ ಕೇಳಿ ಏನು ತೀರ್ಮಾನ ಮಾಡಬೇಕು? ಒಬ್ಬರು ಹೊಸ ತಳಿ ಬಂತು ಅನ್ನುತ್ತಾರೆ. ಇನ್ನೊಬ್ಬರು ಸೂಜಿಯೇ ಅಪಾಯ ಅನ್ನುತ್ತಾರೆ. ಮತ್ತೊಬ್ಬರು ಅದು ಈಗ ಬರೀ ನೆಗಡಿ, ಸುಮ್ನೆ ಇರಿ ಅನ್ನುತ್ತಾರೆ.

ಈ ಗೊಂದಲಕ್ಕೆ ದೊಡ್ಡ ಕಾರಣ ನಾವು ಕೇಳುವ ಪ್ರಶ್ನೆ. "ಲಸಿಕೆ ಕೆಲಸ ಮಾಡುತ್ತಾ ಇಲ್ವಾ?" ಎಂದು ಒಂದೇ ಮಾತಲ್ಲಿ ಕೇಳುತ್ತೇವೆ. ಅದನ್ನು ಬಿಡಿಸಿ ಕೇಳಬೇಕು. ಯಾವುದರಿಂದ ಕಾಯುತ್ತದೆ? ಎಷ್ಟು ದಿನ ಕಾಯುತ್ತದೆ? ಯಾರಿಗೆ ಜಾಸ್ತಿ ಬೇಕು? ಹೀಗೆ ಕೇಳಿದರೆ ಬಹಳಷ್ಟು ಜಗಳ ತಾನಾಗಿ ಕಡಿಮೆಯಾಗುತ್ತದೆ.

ತಳಿ ಎಲ್ಲಿ ಹುಟ್ಟುತ್ತದೆ

ವೈರಸ್ ತಾನಾಗಿ ಬೆಳೆಯಲಾರದು. ನಮ್ಮ ಮೈಯ ಕೋಶದೊಳಗೆ ಹೊಕ್ಕು, ಅಲ್ಲಿ ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗುತ್ತದೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ, ಕೆಲವು ವೈರಸ್‌ಗೇ ನಷ್ಟ. ಆದರೆ ಕೋಟಿಗಟ್ಟಲೆ ಜನರ ಮೈಯಲ್ಲಿ ಇದೇ ನಡೆಯುತ್ತಿರುವಾಗ ಎಲ್ಲೋ ಒಂದು ತಪ್ಪು ಅದಕ್ಕೆ ಅನುಕೂಲವಾಗಿಬಿಡುತ್ತದೆ: ಬೇಗ ಹರಡುತ್ತದೆ, ಇಲ್ಲವೇ ಮೈಯ ರಕ್ಷಣೆಯನ್ನು ತಪ್ಪಿಸಿಕೊಳ್ಳುತ್ತದೆ. ಆಗ ಅದು ಉಳಿದ ತಳಿಗಳನ್ನು ಹಿಂದೆ ಹಾಕುತ್ತದೆ. ರೋಗನಿರೋಧಕ ಶಕ್ತಿ ತುಂಬಾ ಕಡಿಮೆ ಇರುವವರ ಮೈಯಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿದರೆ ಇಂಥ ಬದಲಾವಣೆಗೆ ಇನ್ನೂ ಜಾಸ್ತಿ ಅವಕಾಶ ಸಿಗುತ್ತದೆ.

ಲಸಿಕೆ ಹಾಕಿದ್ದರಿಂದಲೇ ತಳಿಗಳು ಹುಟ್ಟಿದವು ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಬಹಳ ಓಡಾಡಿದೆ. ತಾರೀಖು ನೋಡಿದರೆ ಸಾಕು. ಎರಡನೇ ಅಲೆಯಲ್ಲಿ ನಮ್ಮನ್ನು ಕಾಡಿದ ಡೆಲ್ಟಾ ತಳಿ ಭಾರತದ ಮಾದರಿಗಳಲ್ಲಿ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ. ಬ್ರಿಟನ್‌ನ ಆಲ್ಫಾ ಅದಕ್ಕೂ ಒಂದು ತಿಂಗಳು ಮೊದಲು. ದೇಶದಲ್ಲಿ ಲಸಿಕೆ ಅಭಿಯಾನ ಶುರುವಾಗಿದ್ದು 2021ರ ಜನವರಿ 16ಕ್ಕೆ. ತಳಿ ಮೊದಲು ಬಂತು, ಲಸಿಕೆ ಆಮೇಲೆ ಬಂತು.

2021ರ ಕೊನೆಗೆ ಓಮಿಕ್ರಾನ್ ಬಂತು. ದೇಶದ ಮೊದಲ ಎರಡು ಪ್ರಕರಣ ಪತ್ತೆಯಾಗಿದ್ದು ನಮ್ಮ ರಾಜ್ಯದಲ್ಲೇ, ಡಿಸೆಂಬರ್ 2ರಂದು. ಅದರ ಸ್ಪೈಕ್‌ನಲ್ಲಿ, ಅಂದರೆ ವೈರಸ್ ಕೋಶಕ್ಕೆ ಅಂಟಿಕೊಳ್ಳಲು ಬಳಸುವ ಮುಳ್ಳಿನಂಥ ಭಾಗದಲ್ಲಿ, 30ಕ್ಕೂ ಜಾಸ್ತಿ ಬದಲಾವಣೆಗಳಿದ್ದವು. ಈಗ ಸುದ್ದಿಯಲ್ಲಿ ಬರುವ ತಳಿಗಳೆಲ್ಲ ಅದೇ ಬಳ್ಳಿಯವು. 2023ರಲ್ಲಿ ಕಂಡ ಜೆಎನ್.1 ಓಮಿಕ್ರಾನ್ ವಂಶದ್ದು, ಎಲ್‌ಎಫ್.7 ಮತ್ತು ಎನ್‌ಬಿ.1.8.1 ಆ ಜೆಎನ್.1ರ ಕಡೆಯವು. ಹೆಸರು ಹೊಸದಾದ ಕೂಡಲೇ ರೋಗವೇ ಹೊಸದು ಎಂದು ಹೆದರಬೇಕಿಲ್ಲ.

ಇಳಕಲ್ ಸೀರೆಯ ಗುರುತು

ಹಾಗಾದರೆ ಹಳೆಯ ಲಸಿಕೆ ಹೊಸ ತಳಿಯನ್ನು ಹೇಗೆ ಗುರುತಿಸುತ್ತದೆ? ಎಲ್ಲ ಗೊಂದಲವೂ ಇಲ್ಲಿಂದ ಶುರುವಾಗುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಲಸಿಕೆ ಬಿದ್ದ ಮೇಲೆ ಮೈಯಲ್ಲಿ ಮುಖ್ಯವಾಗಿ ಎರಡು ಬಗೆಯ ಕಾವಲು ತಯಾರಾಗುತ್ತದೆ. ಒಂದು ಪ್ರತಿಕಾಯಗಳು. ಇವು ರಕ್ತದಲ್ಲಿ ಓಡಾಡುತ್ತಾ ವೈರಸ್‌ನ ಮುಳ್ಳಿಗೆ ಅಂಟಿಕೊಂಡು, ಅದು ಕೋಶದೊಳಗೆ ಹೋಗದಂತೆ ತಡೆಯುತ್ತವೆ. ಇನ್ನೊಂದು ಟಿ ಕೋಶಗಳು. ವೈರಸ್ ಆಗಲೇ ಹೊಕ್ಕ ಕೋಶವನ್ನು ಹುಡುಕಿ ನಾಶ ಮಾಡುವುದು ಇವುಗಳ ಕೆಲಸ. ಪ್ರತಿಕಾಯ ಸೋಂಕನ್ನೇ ತಡೆಯಲು ನೋಡುತ್ತದೆ. ಟಿ ಕೋಶ ಸೋಂಕು ಶ್ವಾಸಕೋಶದವರೆಗೆ ಹೋಗಿ ಜೀವಕ್ಕೆ ಬರದಂತೆ ನೋಡಿಕೊಳ್ಳುತ್ತದೆ.

ಇವೆರಡೂ ವೈರಸ್ಸನ್ನು ಗುರುತಿಸುವ ರೀತಿ ಬೇರೆ ಬೇರೆ. ಇಳಕಲ್ ಸೀರೆ ಗೊತ್ತಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬರೀ ದಡಿಯ ಬಣ್ಣ ನೋಡಿ ಇಳಕಲ್ ಎನ್ನುವವರು ದಡಿ ಬದಲಾದರೆ ಮೋಸ ಹೋಗುತ್ತಾರೆ. ಒಡಲು, ಟೋಪಿ ತೆನೆ ಸೆರಗು, ಸೆರಗನ್ನು ಒಡಲಿಗೆ ಸೇರಿಸಿದ ಕೊಂಡಿ, ಇವನ್ನೆಲ್ಲ ನೋಡುವವರು ದಡಿಗೆ ಯಾವ ಬಣ್ಣ ಹಾಕಿದರೂ ಗುರುತು ಹಿಡಿಯುತ್ತಾರೆ. ಪ್ರತಿಕಾಯಗಳು ಮೊದಲನೆಯವರ ಹಾಗೆ, ಮುಳ್ಳಿನ ಕೆಲವೇ ಜಾಗಗಳನ್ನು ನೋಡುತ್ತವೆ. ಓಮಿಕ್ರಾನ್‌ನಲ್ಲಿ ಬದಲಾಗಿದ್ದು ಬಹುಪಾಲು ಅಂಥ ಜಾಗಗಳೇ. ಟಿ ಕೋಶಗಳು ವೈರಸ್‌ನ ಹತ್ತಾರು ತುಣುಕುಗಳನ್ನು ನೆನಪಿಟ್ಟುಕೊಂಡಿರುತ್ತವೆ. ಕೆಲವು ಬದಲಾದರೂ ಉಳಿದವು ಸಾಕು.

ಇದರ ಪರಿಣಾಮ ನಾವು ಕಣ್ಣಾರೆ ಕಂಡಿದ್ದೇವೆ. 2022ರ ಜನವರಿಯ ಓಮಿಕ್ರಾನ್ ಅಲೆಯಲ್ಲಿ ಎರಡು ಡೋಸ್ ಆದವರಿಗೂ ಜ್ವರ ಬಂತು. "ಸೂಜಿ ಮಾಡಿಸಿಕೊಂಡರೂ ಬಂತಲ್ಲ" ಎಂದು ಜನ ಬೇಸರಪಟ್ಟರು. ಆದರೆ ಅಷ್ಟೊಂದು ಜನಕ್ಕೆ ಸೋಂಕಾದರೂ 2021ರ ಏಪ್ರಿಲ್-ಮೇ ತಿಂಗಳಿನ ಹಾಗೆ ಆಕ್ಸಿಜನ್ ಸಿಲಿಂಡರ್‌ಗಾಗಿ ಊರೂರು ಅಲೆಯುವ ಸ್ಥಿತಿ ಬರಲಿಲ್ಲ. ಓಮಿಕ್ರಾನ್ ತಾನೇ ಸ್ವಲ್ಪ ಸೌಮ್ಯವಾಗಿತ್ತು ಎಂಬುದೂ ನಿಜ. ಜೊತೆಗೆ ಆ ಹೊತ್ತಿಗೆ ಲಸಿಕೆಯಿಂದಲೋ ಹಿಂದಿನ ಸೋಂಕಿನಿಂದಲೋ ಬಹುಪಾಲು ಜನರ ಮೈಗೆ ವೈರಸ್‌ನ ಪರಿಚಯವಾಗಿತ್ತು.

ದಿನ ಕಳೆದಂತೆ ರಕ್ತದಲ್ಲಿ ಪ್ರತಿಕಾಯಗಳ ಪ್ರಮಾಣ ಇಳಿಯುತ್ತದೆ. ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ಹಾಗಾಗಿ ಸೋಂಕು ತಗುಲದಂತೆ ಕಾಯುವ ರಕ್ಷಣೆ ಬೇಗ ಸವೆಯುತ್ತದೆ. ಕಾಯಿಲೆ ತೀವ್ರವಾಗದಂತೆ ಕಾಯುವ ರಕ್ಷಣೆ ಅದಕ್ಕಿಂತ ಬಹಳ ದಿನ ಉಳಿಯುತ್ತದೆ. ಆದರೆ ವಯಸ್ಸಾದವರಲ್ಲಿ, ಬೇರೆ ಕಾಯಿಲೆ ಇರುವವರಲ್ಲಿ ಅದೂ ಬೇಗ ತೆಳುವಾಗುತ್ತದೆ. ಬೂಸ್ಟರ್ ಡೋಸ್‌ನ, ಅಂದರೆ ಮೊದಲ ಡೋಸ್‌ಗಳಾದ ಮೇಲೆ ಮತ್ತೆ ಹಾಕುವ ಡೋಸ್‌ನ, ಚರ್ಚೆ ಎಲ್ಲವೂ ಈ ವ್ಯತ್ಯಾಸದ ಸುತ್ತಲೇ ಇದೆ.

ಕೊಟ್ಟಿಗೆಯಲ್ಲಿ ಗೊತ್ತಿರುವ ವಿಷಯ

ಈ ಭಾಗದ ರೈತರಿಗೆ ಇದು ಹೊಸ ಪಾಠ ಅಲ್ಲ. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ದನಕ್ಕೆ ಲಸಿಕೆ ಹಾಕಿಸುತ್ತಾರೆ. ಪಶು ಇಲಾಖೆಯವರು ಓಣಿಗೆ ಬಂದರೆ ಎತ್ತು, ಎಮ್ಮೆ ಹೊರಗೆ ಕಟ್ಟುತ್ತಾರೆ. ಹೋದ ಸಲ ಹಾಕಿಸಿದ್ದೆವಲ್ಲ, ಮತ್ತೆ ಯಾಕೆ ಎಂದು ಹೆಚ್ಚಿನವರು ಕೇಳುವುದಿಲ್ಲ. ಯಾಕೆಂದರೆ ರಕ್ಷಣೆ ಸವೆಯುತ್ತದೆ ಎಂಬುದು ಅನುಭವದಿಂದ ಗೊತ್ತಿದೆ. ಆ ಬೇನೆಯ ವೈರಸ್‌ನಲ್ಲೂ ಬಗೆಗಳಿವೆ. ನಮ್ಮ ದೇಶದಲ್ಲಿ ಕೊಡುವ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆ ಸೇರಿರುತ್ತವೆ. ಒಂದು ಬಗೆಯ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ ಎಂಬ ಕಾರಣಕ್ಕೇ ಮೂರನ್ನೂ ಸೇರಿಸುತ್ತಾರೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಇನ್ನೊಂದು ಸಂಗತಿ ನಡೆಯಿತು. ಆ ರೋಗಕ್ಕೆಂದೇ ಮಾಡಿದ ಲಸಿಕೆ ಆಗ ಮಾರುಕಟ್ಟೆಯಲ್ಲಿ ಇರಲಿಲ್ಲ. ದನಗಳಿಗೆ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಎರಡೂ ವೈರಸ್ ಒಂದೇ ಕುಟುಂಬದವು, ಆದ್ದರಿಂದ ಒಂದರ ಲಸಿಕೆ ಇನ್ನೊಂದಕ್ಕೂ ತಕ್ಕಮಟ್ಟಿಗೆ ಆಸರೆ ಕೊಡುತ್ತದೆ. ಪೂರ್ತಿ ರಕ್ಷಣೆ ಅಲ್ಲ. ಆದರೂ ಕೈಯಲ್ಲಿ ಇದ್ದದ್ದರಲ್ಲಿ ಅದೇ ಒಳ್ಳೆಯ ದಾರಿಯಾಗಿತ್ತು.

ಮನುಷ್ಯರ ಲಸಿಕೆಯ ಕಥೆ ಶುರುವಾಗಿದ್ದೂ ಹೀಗೆಯೇ. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಮೈದಾನ ಇದೆ. ಸಭೆ, ಪ್ರದರ್ಶನ, ಬೆಳಗಿನ ವಾಕಿಂಗ್‌ಗೆ ಅಂತಲೇ ಈಗಿನವರಿಗೆ ಗೊತ್ತು. ಬ್ರಿಟಿಷರ ಕಾಲದಲ್ಲಿ ಅದು ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ. ಸಿಡುಬಿನ ಲಸಿಕೆಯಲ್ಲಿ ಸಿಡುಬಿನ ವೈರಸ್ಸೇ ಇರಲಿಲ್ಲ, ಅದರ ದಾಯಾದಿ ಇತ್ತು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದು ಎಂದು ತೋರಿಸಿದ್ದೇ ಇದಕ್ಕೆ ಮೂಲ. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತು ಎಂದು ಘೋಷಣೆಯಾಯಿತು. ಸಿಡುಬಿನ ವೈರಸ್ ರೂಪ ಬದಲಿಸುವುದು ತುಂಬಾ ಕಡಿಮೆ, ದಡಾರದ್ದೂ ಹಾಗೆಯೇ. ಅದಕ್ಕೇ ದಶಕಗಳ ಹಿಂದಿನ ದಡಾರ ಲಸಿಕೆ ಇವತ್ತಿಗೂ ಗಟ್ಟಿಯಾಗಿ ಕೆಲಸ ಮಾಡುತ್ತದೆ. ಫ್ಲೂ ಇದಕ್ಕೆ ತದ್ವಿರುದ್ಧ. ಅದು ಎಷ್ಟು ಬೇಗ ಬದಲಾಗುತ್ತದೆ ಎಂದರೆ ಲಸಿಕೆಯಲ್ಲಿ ಯಾವ ತಳಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಕೂತು ತೀರ್ಮಾನಿಸುತ್ತದೆ. ಕೊರೊನಾ ಈಗ ಫ್ಲೂ ಕಡೆಗೆ ವಾಲಿದೆ. ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು ಎಂಬ ನಿರೀಕ್ಷೆಯನ್ನು ಇದರ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ.

ಗಡಿ ಜಿಲ್ಲೆಗೆ ಬೇಗ ಬರುತ್ತದೆ

ಕೊರೊನಾದ ಮೊದಲ ಎರಡು ವರ್ಷ ನಿಪ್ಪಾಣಿ ಹತ್ತಿರದ ಕೊಗನೊಳ್ಳಿಯಲ್ಲಿ, ವಿಜಯಪುರ-ಸೊಲ್ಲಾಪುರ ದಾರಿಯ ಧೂಳಖೇಡದಲ್ಲಿ ಚೆಕ್‌ಪೋಸ್ಟ್ ಹಾಕಿ ಆರ್‌ಟಿಪಿಸಿಆರ್ ವರದಿ ಕೇಳುತ್ತಿದ್ದರು. ಅದಕ್ಕೆ ಕಾರಣ ಇತ್ತು. ಮುಂಬೈ, ಪುಣೆಯಲ್ಲಿ ಏನು ಬಂದರೂ ಹೆದ್ದಾರಿಯಲ್ಲಿ ಒಂದು ಹಗಲಿನ ದಾರಿ. ಅಥಣಿ, ಕಾಗವಾಡದ ಕಡೆಯವರು ದವಾಖಾನೆಗೆ ಮಿರಜ್‌ಗೆ ಹೋಗುತ್ತಾರೆ. ವಿಜಯಪುರದ ಕಡೆಯವರಿಗೆ ಸೊಲ್ಲಾಪುರ ಹತ್ತಿರ. ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವರು, ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವವರು, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಎರಡೂ ರಾಜ್ಯದಿಂದ ಬರುವವರು, ಕಬ್ಬು ಕಡಿಯಲು ಬರುವ ಗ್ಯಾಂಗ್‌ಗಳು, ಇಲ್ಲಿಂದ ಗೋವಾಕ್ಕೂ ಪುಣೆಗೂ ದುಡಿಯಲು ಹೋಗುವ ಕುಟುಂಬಗಳು, ಹೀಗೆ ವರ್ಷಪೂರ್ತಿ ಜನರ ಓಡಾಟ ಇದ್ದೇ ಇದೆ. ಈ ಓಡಾಟ ನಮ್ಮ ಬದುಕು, ಅದನ್ನು ನಿಲ್ಲಿಸಲಾಗದು. ಹೊಸ ತಳಿಯನ್ನು ಗಡಿಯಲ್ಲಿ ತಡೆಯುತ್ತೇವೆ ಎನ್ನುವುದು ಆಗದ ಮಾತು. ಬಂದಾಗ ಅದು ಯಾರ ಮೈಯಲ್ಲಿ ಎಷ್ಟು ಹಾನಿ ಮಾಡುತ್ತದೆ ಎಂಬುದನ್ನು ಮಾತ್ರ ಕಡಿಮೆ ಮಾಡಿಕೊಳ್ಳಬಹುದು.

ಲಸಿಕೆ ಇಲ್ಲದ ಕಾಲ ಹೇಗಿತ್ತು ಎಂಬುದನ್ನು ಬೆಳಗಾವಿ ಮರೆತಿಲ್ಲ. ಕೇಂದ್ರ ಸಚಿವರಾಗಿದ್ದ ಸಂಸದ ಸುರೇಶ ಅಂಗಡಿ 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದಲೇ ತೀರಿಕೊಂಡರು. ದೆಹಲಿಯ ದೊಡ್ಡ ಆಸ್ಪತ್ರೆಯಲ್ಲಿದ್ದರೂ ಜೀವ ಉಳಿಯಲಿಲ್ಲ. ಅದೇ ವರ್ಷ ಕೋವ್ಯಾಕ್ಸಿನ್‌ನ ಪ್ರಯೋಗಕ್ಕೆ ಆರಿಸಿದ ದೇಶದ 12 ಕೇಂದ್ರಗಳಲ್ಲಿ ಬೆಳಗಾವಿಯ ಜೀವನರೇಖಾ ಆಸ್ಪತ್ರೆಯೂ ಒಂದು. ತಮ್ಮ ಮೈ ಒಡ್ಡಿ ಆ ಪ್ರಯೋಗಕ್ಕೆ ಮುಂದೆ ಬಂದ ಸಾಮಾನ್ಯ ಜನರ ಋಣ ನಮ್ಮ ಮೇಲಿದೆ. ಮುಂದಿನ ಜನವರಿಯಲ್ಲಿ ಪುಣೆಯಿಂದ ಕೋವಿಶೀಲ್ಡ್ ಬಂದಾಗ ಉತ್ತರ ಕರ್ನಾಟಕದ ಪಾಲು ಇಳಿದಿದ್ದೂ ಬೆಳಗಾವಿಯ ಸಂಗ್ರಹಾಗಾರಕ್ಕೇ.

ಮೂರು ವಾದಗಳು

ಈಗ ಎದುರುಬದುರು ನಿಂತಿರುವ ವಾದಗಳನ್ನು ನೋಡೋಣ. ಎಲ್ಲರೂ ಪ್ರತಿ ವರ್ಷ ಹಾಕಿಸಿಕೊಳ್ಳಬೇಕು ಎನ್ನುವುದು ಮೊದಲನೆಯದು. ಶ್ರೀಮಂತ ದೇಶಗಳು ಕೆಲವು ವರ್ಷ ಹೀಗೆ ಮಾಡಿದವು, ತಳಿಗೆ ತಕ್ಕಂತೆ ಲಸಿಕೆಯನ್ನೂ ಬದಲಿಸಿದವು. ಆದರೆ ಅವೂ ಈಗ ಪಟ್ಟಿ ಚಿಕ್ಕದು ಮಾಡಿಕೊಂಡಿವೆ. ಬ್ರಿಟನ್ 2025ರಲ್ಲಿ ಮುಖ್ಯವಾಗಿ 75 ದಾಟಿದವರಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಉಚಿತವಾಗಿ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2023ರ ಮಾರ್ಚ್‌ನಲ್ಲೇ ಆದ್ಯತೆಯ ಪಟ್ಟಿ ಬದಲಿಸಿತ್ತು. ವಯಸ್ಸಾದವರು, ಶುಗರ್ ಅಥವಾ ಹೃದ್ರೋಗದಂಥ ಕಾಯಿಲೆ ಇರುವವರು, ಗರ್ಭಿಣಿಯರು, ಆಸ್ಪತ್ರೆ ಸಿಬ್ಬಂದಿ, ಇವರಿಗೆ ಮತ್ತೆ ಡೋಸ್ ಬೇಕು. ಆರೋಗ್ಯವಾಗಿರುವ ಉಳಿದ ವಯಸ್ಕರಿಗೆ ಮೊದಲ ಡೋಸ್‌ಗಳು ಮತ್ತು ಒಂದು ಬೂಸ್ಟರ್ ಆಗಿದ್ದರೆ ಪದೇ ಪದೇ ಹಾಕಿಸಿಕೊಳ್ಳಬೇಕೆಂದೇನಿಲ್ಲ.

ಎರಡನೆಯದು, ಅದು ಈಗ ನೆಗಡಿ ಅಷ್ಟೇ ಎಂಬ ವಾದ. 25-30ರ ಗಟ್ಟಿಮುಟ್ಟಾದ ಹುಡುಗನಿಗೆ ಇದು ಬಹುತೇಕ ನಿಜ. ಆದರೆ ನೆಗಡಿ ಆದದ್ದು ವೈರಸ್ ತಾನಾಗಿ ಒಳ್ಳೆಯದಾದ್ದರಿಂದ ಎಂದು ತಿಳಿದುಕೊಂಡರೆ ತಪ್ಪು. ನಮ್ಮ ಮೈಗೆ ಅದರ ಪರಿಚಯ ಆಗಿದೆ, ಆ ಪರಿಚಯದ ಬಹುಪಾಲು ಲಸಿಕೆಯಿಂದ ಬಂತು. 2021ರಲ್ಲಿ ಭಾರತದಲ್ಲಿ ಲಸಿಕೆಯಿಂದ ಸುಮಾರು 42 ಲಕ್ಷ ಸಾವು ತಪ್ಪಿರಬಹುದು ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2022ರಲ್ಲಿ ಅಂದಾಜು ಮಾಡಿದರು. ಅದು ಲೆಕ್ಕಾಚಾರದ ಅಂದಾಜು, ತಲೆ ಎಣಿಕೆ ಅಲ್ಲ. ಆದರೂ ಅದರ ಗಾತ್ರ ನೋಡಿ. ಮತ್ತೆ, ಹುಡುಗನಿಗೆ ನೆಗಡಿಯಾದದ್ದು ಅದೇ ಮನೆಯಲ್ಲಿರುವ ಡಯಾಲಿಸಿಸ್ ಮಾಡಿಸಿಕೊಳ್ಳುವ ದೊಡ್ಡಪ್ಪನಿಗೂ ನೆಗಡಿಯೇ ಆಗಿ ಮುಗಿಯುತ್ತದೆ ಎಂದು ಹೇಳಲಾಗದು, ಅಲ್ವಾ?

ಮೂರನೆಯ ವಾದ ಹೃದಯಾಘಾತದ್ದು. ಅದಕ್ಕೆ ಬೇರೆಯಾಗಿಯೇ ಉತ್ತರ ಬೇಕು.

ಹೃದಯದ ಭಯ

ದೇಶದಲ್ಲಿ 220 ಕೋಟಿಗೂ ಜಾಸ್ತಿ ಡೋಸ್ ಹಾಕಲಾಗಿದೆ. ಬಹುತೇಕ ಎಲ್ಲ ವಯಸ್ಕರೂ ಒಂದಾದರೂ ಹಾಕಿಸಿಕೊಂಡವರೇ. ಹೀಗಿರುವಾಗ ಯಾವುದೇ ಕಾರಣಕ್ಕೆ ಯಾರೇ ತೀರಿಕೊಂಡರೂ ಅವರು ಲಸಿಕೆ ಆದವರೇ ಆಗಿರುತ್ತಾರೆ. ಸತ್ತವರಿಗೆ ಲಸಿಕೆ ಆಗಿತ್ತು ಎಂಬುದರಿಂದ ಲಸಿಕೆಯಿಂದ ಸತ್ತರು ಎಂದು ಹೇಳಲು ಬರುವುದಿಲ್ಲ. ಅದನ್ನು ತಿಳಿಯಬೇಕಾದರೆ ಸತ್ತವರನ್ನು ಅದೇ ಓಣಿಯ, ಅದೇ ವಯಸ್ಸಿನ ಬದುಕಿರುವವರ ಜೊತೆ ಹೋಲಿಸಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿದ್ದು ಇದನ್ನೇ. ದೇಶದ 47 ದೊಡ್ಡ ಆಸ್ಪತ್ರೆಗಳ ಮೂಲಕ, 18ರಿಂದ 45 ವಯಸ್ಸಿನವರಲ್ಲಿ ಚೆನ್ನಾಗಿದ್ದು ಇದ್ದಕ್ಕಿದ್ದಂತೆ ತೀರಿಕೊಂಡ 729 ಜನರ ವಿವರವನ್ನು, ಅವರದೇ ನೆರೆಹೊರೆಯ 2,916 ಜನರ ವಿವರದ ಜೊತೆ ಇಟ್ಟು ನೋಡಿತು. ಲಸಿಕೆಯಿಂದ ಹಠಾತ್ ಸಾವಿನ ಸಾಧ್ಯತೆ ಜಾಸ್ತಿಯಾಗಿರಲಿಲ್ಲ. ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಜಾಸ್ತಿ ಮಾಡಿದ ಸಂಗತಿಗಳು ಬೇರೆ ಇದ್ದವು: ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿದ್ದು, ಸಾಯುವ ಮೊದಲಿನ ಎರಡು ದಿನದೊಳಗೆ ವಿಪರೀತ ಕುಡಿದಿದ್ದು ಅಥವಾ ತುಂಬಾ ಶ್ರಮದ ವ್ಯಾಯಾಮ ಮಾಡಿದ್ದು, ಮಾದಕ ವಸ್ತು ಸೇವಿಸಿದ್ದು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿಯೂ 2025ರಲ್ಲಿ ಲಸಿಕೆಗೂ ಈ ಸಾವುಗಳಿಗೂ ನೇರ ಸಂಬಂಧ ಕಂಡಿಲ್ಲ ಎಂದಿತು.

ಹಾಗೆಂದು ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಎನ್ನುವುದೂ ಸುಳ್ಳು. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ಅಪರೂಪವಾಗಿ ರಕ್ತ ಹೆಪ್ಪುಗಟ್ಟಿ, ಪ್ಲೇಟ್‌ಲೆಟ್ ಇಳಿಯುವ ತೊಂದರೆ ಆಗುತ್ತದೆ. ಇದು 2021ರಲ್ಲೇ ವೈದ್ಯರಿಗೆ ಗೊತ್ತಿತ್ತು. ಈ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಬ್ರಿಟನ್‌ನ ಕೋರ್ಟಿನಲ್ಲಿ ಇದನ್ನು ಒಪ್ಪಿಕೊಂಡಿದೆ ಎಂಬ ಸುದ್ದಿ 2024ರಲ್ಲಿ ಬಂದಾಗ ಹೊಸ ಗುಟ್ಟು ರಟ್ಟಾದಂತೆ ಪ್ರಚಾರವಾಯಿತು. ಆ ತೊಂದರೆ ಆಗುವುದು ಡೋಸ್ ಆದ ಕೆಲವು ವಾರಗಳೊಳಗೆ. ನಾಲ್ಕು ವರ್ಷದ ನಂತರ ಆದ ಹೃದಯಾಘಾತವನ್ನು ಅದಕ್ಕೆ ಜೋಡಿಸಲು ಆಧಾರ ಇಲ್ಲ. ಆದರೆ ಈ ಅಪರೂಪದ ಅಪಾಯವನ್ನು 2021ರಲ್ಲೇ ಹಳ್ಳಿಯ ಶಿಬಿರದಲ್ಲೂ ಕನ್ನಡದಲ್ಲಿ ಬಿಡಿಸಿ ಹೇಳಬೇಕಿತ್ತು. ಕೋವಿಶೀಲ್ಡ್‌ನ ಎರಡು ಡೋಸ್ ನಡುವಿನ ಅಂತರವನ್ನು 4-6 ವಾರದಿಂದ 6-8ಕ್ಕೆ, ಮತ್ತೆ 12-16ಕ್ಕೆ ಬದಲಿಸಿದಾಗಲೂ ಯಾಕೆ ಎಂದು ಸಮಾಧಾನವಾಗಿ ಹೇಳಲಿಲ್ಲ. ಹೇಳದೆ ಬಿಟ್ಟ ಜಾಗದಲ್ಲಿ ಗಾಳಿಮಾತು ಬಂದು ಕೂತಿತು.

ರಾಮದುರ್ಗದ ನೋವು

ಈ ಭಾಗದಲ್ಲಿ ಭಯಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಬದಿಗಿಟ್ಟು ಮಾತಾಡಿದರೆ ಜನ ನಂಬುವುದಿಲ್ಲ, ನಂಬಲೂಬಾರದು. 2022ರ ಜನವರಿಯಲ್ಲಿ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದ ಮೇಲೆ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಡಬೇಕಾದ ರೀತಿಯಲ್ಲಿ ಇಟ್ಟಿರಲಿಲ್ಲ, ಸಿಬ್ಬಂದಿಯ ನಿರ್ಲಕ್ಷ್ಯ ಆಗಿದೆ ಎಂದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂತು. ಕೆಲವರು ಅಮಾನತಾದರು. ಹೆತ್ತವರ ಸಂಕಟಕ್ಕೆ ಅದು ಯಾವ ಮೂಲೆಗೂ ಸಾಲದು.

ಇಲ್ಲಿ ಕಾರಣ ಮತ್ತು ಪರಿಣಾಮ ಸ್ಪಷ್ಟವಾಗಿ ಗೊತ್ತಿರಬೇಕು. ಆ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದರೆ ಚೆಲ್ಲಬೇಕು. ಕೆಡದಂತೆ ತಡೆಯುವ ಔಷಧಿ ಅದರಲ್ಲಿ ಇರುವುದಿಲ್ಲ. ತೆರೆದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅದರ ವಿಷ ಕೂಸಿನ ಜೀವ ತೆಗೆಯಬಲ್ಲದು. ಅಂದರೆ ಹೆದರಬೇಕಾದ್ದು ನಿಯಮ ಮುರಿದಾಗ. ಬಾಟಲಿ ಯಾವಾಗ ತೆರೆದಿರಿ, ಯಾವ ಸಮಯ ಬರೆದಿದ್ದೀರಿ, ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲೇ ಇತ್ತಾ ಎಂದು ತಾಯಂದಿರು ಧೈರ್ಯವಾಗಿ ಕೇಳಬಹುದು. ಸಿಬ್ಬಂದಿಗೆ ಅದು ಅವಮಾನ ಅನ್ನಿಸಬಾರದು. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಕೂಡ ಇಂಥದೇ ಕಾಳಜಿ, ಅಲರ್ಜಿ ಆದರೆ ಕೂಡಲೇ ನೋಡಿಕೊಳ್ಳಲು.

ಬೇಕಾದವರಿಗೆ ಯಾಕೆ ಸಿಗುತ್ತಿಲ್ಲ

ಯಾರಿಗೆ ಬೇಕು ಎಂಬುದು ಈಗ ಬಹುಮಟ್ಟಿಗೆ ಸ್ಪಷ್ಟ: 60 ದಾಟಿದವರು, ಶುಗರ್, ಬಿಪಿ, ಹೃದಯ, ಮೂತ್ರಪಿಂಡ, ಶ್ವಾಸಕೋಶದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಗರ್ಭಿಣಿಯರು. ಇವರಲ್ಲಿ ಬಹಳ ಮಂದಿಗೆ ಕೊನೆಯ ಡೋಸ್ ಆಗಿ ಮೂರು-ನಾಲ್ಕು ವರ್ಷ ಕಳೆದಿದೆ. ಮುಂಜಾಗ್ರತೆ ಡೋಸನ್ನು, ಅಂದರೆ ಬೂಸ್ಟರನ್ನು, 2022ರ ಜುಲೈ 15ರಿಂದ 75 ದಿನ ಎಲ್ಲ ವಯಸ್ಕರಿಗೂ ಉಚಿತವಾಗಿ ಕೊಟ್ಟರು. ಆ ಹೊತ್ತಿಗೆ ಜನರ ಆಸಕ್ತಿ ಇಳಿದಿತ್ತು.

ಆಸಕ್ತಿ ಇಳಿದಾಗ ಪೂರೈಕೆಯೂ ಇಳಿಯುತ್ತದೆ. ಕೋವಿಶೀಲ್ಡ್ ತಯಾರಿಕೆಯನ್ನು 2021ರ ಡಿಸೆಂಬರ್‌ನಿಂದಲೇ ನಿಲ್ಲಿಸಿದ್ದೆವು ಎಂದು ಅದನ್ನು ತಯಾರಿಸುತ್ತಿದ್ದ ಪುಣೆಯ ಸೀರಮ್ ಸಂಸ್ಥೆ ಹೇಳಿದೆ. ಇನ್ನೊಂದು ಕಡೆ ಬಾಟಲಿಯ ಲೆಕ್ಕ ಇದೆ. ಸಾಮಾನ್ಯವಾಗಿ ಒಂದು ಬಾಟಲಿಯಲ್ಲಿ 10 ಡೋಸ್, ತೆರೆದ ಮೇಲೆ ಕೆಲವೇ ಗಂಟೆ. ಒಂದು ಹಳ್ಳಿಯಲ್ಲಿ ಮೂವರು ವಯಸ್ಸಾದವರು ಬಂದರೆ ಏಳು ಡೋಸ್ ಹಾಳು. ಹಾಗಾಗಿ ಹತ್ತು ಜನ ಆಗಲಿ ಎಂದು ಕಾಯುತ್ತಾರೆ, ಮೂವರು ವಾಪಸ್ ಹೋಗುತ್ತಾರೆ, ಬೇಡಿಕೆ ಇಲ್ಲ ಎಂದು ಲೆಕ್ಕಕ್ಕೆ ಬರುತ್ತದೆ, ಮುಂದಿನ ಸಲ ಲಸಿಕೆಯೇ ಬರುವುದಿಲ್ಲ. ಓಮಿಕ್ರಾನ್‌ಗೆ ತಕ್ಕಂತೆ ಪುಣೆಯ ಜೆನೋವಾ ಕಂಪನಿ ಮಾಡಿದ ಜೆಮ್‌ಕೊವ್ಯಾಕ್-ಓಎಂ ಲಸಿಕೆಗೆ 2023ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು. ಮಾಮೂಲಿ ಫ್ರಿಜ್‌ನ ಉಷ್ಣತೆಯಲ್ಲೇ ಇಡಬಹುದಾದ ಲಸಿಕೆ ಅದು. ಆದರೂ ಹಳ್ಳಿಯ ದವಾಖಾನೆಯವರೆಗೆ ಅಂಥ ಲಸಿಕೆ ತಲುಪಿಸುವ ದೊಡ್ಡ ಅಭಿಯಾನ ನಡೆಯಲಿಲ್ಲ.

ಮೂಲ ಕೊರತೆ ಇನ್ನೂ ಆಳದಲ್ಲಿದೆ. ಮಕ್ಕಳ ಲಸಿಕೆಗೆ ನಮ್ಮಲ್ಲಿ ಒಳ್ಳೆಯ ವ್ಯವಸ್ಥೆ ಇದೆ: ತಾಯಿ ಕಾರ್ಡ್, ಆಶಾ ಕಾರ್ಯಕರ್ತೆ, ಅಂಗನವಾಡಿ, ವಾರದ ನಿಗದಿತ ದಿನ. ದೊಡ್ಡವರ ಲಸಿಕೆಗೆ ಅಂಥ ವ್ಯವಸ್ಥೆ ಇಲ್ಲ. ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಖಾಸಗಿಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತವೆ. ಕೂಲಿ ಮಾಡುವ ಮನೆಗೆ ಆ ಬೆಲೆ ಭಾರ. ಆದರೆ ಪಟ್ಟಿ ಮಾತ್ರ ಆಗಲೇ ತಯಾರಾಗುತ್ತಿದೆ ಎಂಬುದನ್ನು ಗಮನಿಸಬೇಕು. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಬಿಪಿ, ಶುಗರ್ ತಪಾಸಣೆ ಮಾಡುತ್ತಿದ್ದಾರೆ. ಲಸಿಕೆ ಯಾರಿಗೆ ಮೊದಲು ಬೇಕೋ ಅವರ ಹೆಸರು ಅದರಲ್ಲೇ ಇರುತ್ತದೆ. ಆ ಪಟ್ಟಿ ಹಿಡಿದು ನಾಲ್ಕೈದು ಊರಿನವರನ್ನು ಒಂದೇ ದಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕರೆದರೆ ಹತ್ತರ ಬಾಟಲಿಯ ತೊಂದರೆಯೂ ಕಡಿಮೆಯಾಗುತ್ತದೆ. ಸರ್ಕಾರ ಇದನ್ನು ಮಾಡಲೇಬೇಕು.

ಹೀಗೇ ಬಿಟ್ಟರೆ

ಸದ್ಯದ ತಳಿಗಳಿಂದ 2021ರಂಥ ದುರಂತ ಆಗುವ ಲಕ್ಷಣ ಇಲ್ಲ. ಆಗುವುದು ಬೇರೆ ರೀತಿ. ವರ್ಷಕ್ಕೆ ಒಂದೆರಡು ಸಲ ಅಲೆ ಬರುತ್ತದೆ, ಹೆಚ್ಚಿನವರು ನಾಲ್ಕು ದಿನ ಕೆಮ್ಮಿ ಎದ್ದು ಓಡಾಡುತ್ತಾರೆ, ವಯಸ್ಸಾದವರಲ್ಲಿ ಕೆಲವರು ನ್ಯುಮೋನಿಯಾ ಎಂದು ಆಸ್ಪತ್ರೆ ಸೇರುತ್ತಾರೆ. ಪರೀಕ್ಷೆಯೇ ಮಾಡಿಸದೆ ಇರುವುದರಿಂದ ಅದು ಕೊರೊನಾ ಎಂದು ಎಲ್ಲೂ ದಾಖಲಾಗುವುದಿಲ್ಲ. ದಾಖಲೆ ಇಲ್ಲದ ನಷ್ಟಕ್ಕೆ ಯಾರೂ ಯೋಜನೆ ಮಾಡುವುದಿಲ್ಲ.

ಇದಕ್ಕಿಂತ ಜಾಸ್ತಿ ಹೆದರಬೇಕಾದ್ದು ಅಪನಂಬಿಕೆ ಮಕ್ಕಳ ಲಸಿಕೆಗೆ ಇಳಿಯುವುದಕ್ಕೆ. ಕೋವಿಡ್ ವರ್ಷಗಳಲ್ಲಿ ಮಕ್ಕಳ ಡೋಸ್ ತಪ್ಪಿದ್ದರಿಂದ 2022ರ ಕೊನೆಗೆ ಮುಂಬೈ, ಭಿವಂಡಿ, ಮಾಲೆಗಾಂವ್‌ನಲ್ಲಿ ದಡಾರ ಎದ್ದು ಮಕ್ಕಳು ತೀರಿಕೊಂಡರು. ದಡಾರ ಕೊರೊನಾಕ್ಕಿಂತ ವೇಗವಾಗಿ ಹರಡುವ ರೋಗ. ಅದನ್ನು ತಡೆಯಲು ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು, ಒಂದು 9 ತಿಂಗಳು ತುಂಬಿದ ಮೇಲೆ, ಇನ್ನೊಂದು 16ರಿಂದ 24 ತಿಂಗಳ ನಡುವೆ. ಕಬ್ಬಿನ ಗ್ಯಾಂಗ್ ಜೊತೆ ಊರೂರು ತಿರುಗುವ ಕೂಸಿಗೆ ಎರಡನೆಯದು ತಪ್ಪುವುದು ಸುಲಭ. ಹೃದಯಾಘಾತದ ಗಾಳಿಮಾತು ಕೇಳಿ ಊರಲ್ಲೇ ಇರುವವರೂ ಕೂಸನ್ನು ಅಂಗನವಾಡಿಗೆ ಕರೆದೊಯ್ಯದಿದ್ದರೆ ಆ 95 ದೂರವೇ ಉಳಿಯುತ್ತದೆ.

ಮನೆಯಲ್ಲಿ ಮಾಡಿಕೊಳ್ಳಬಹುದಾದ್ದು ಕಾಲ ನೋಡಿಕೊಂಡು ಮಾಡುವುದು ಒಳ್ಳೆಯದು. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಇದೇ ಹೊತ್ತಿಗೆ ಕಬ್ಬಿನ ಹಂಗಾಮು, ವಿಜಯಪುರದ ಸಿದ್ಧೇಶ್ವರ ಸಂಕ್ರಮಣ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ, ಆಮೇಲೆ ಚಿಂಚಲಿ. ಸೂಜಿ ಬಿದ್ದ ಮೇಲೆ ಮೈಯಲ್ಲಿ ರಕ್ಷಣೆ ಕಟ್ಟಲು ಸುಮಾರು ಎರಡು ವಾರ ಬೇಕು. ಅಜ್ಜನ ಶುಗರ್ ಗುಳಿಗೆಗೆ ಹೇಗೂ ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಹೋಗುತ್ತೀರಿ. ದೀಪಾವಳಿಗೆ ಮೊದಲಿನ ಭೇಟಿಯಲ್ಲಿ ಫ್ಲೂ ಲಸಿಕೆ ಮತ್ತು ಕೋವಿಡ್ ಡೋಸ್ ಎರಡರ ಬಗ್ಗೆಯೂ ಕೇಳಿ, ಕೊನೆಯ ಡೋಸ್ ಯಾವಾಗ ಆಗಿತ್ತು ಎಂಬ ಚೀಟಿ ಅಥವಾ ಮೊಬೈಲ್‌ನಲ್ಲಿರುವ ಕೋವಿನ್ ಪ್ರಮಾಣಪತ್ರ ಜೊತೆಗಿರಲಿ. ಸಿಗದಿದ್ದರೆ ಪಿಎಚ್‌ಸಿಯಲ್ಲಿ ನಿಮ್ಮ ಹೆಸರು ಬರೆಸಿ ಬನ್ನಿ. ಅಲ್ಲಿ ಹತ್ತು ಹೆಸರು ಕೂಡಿದರೆ ಒಂದು ಬಾಟಲಿ.